ದುರುಗಣ್ಣನ ಉಪ್ಪಿನ ಗಡಿಗೆ

ಹೊಸದುರ್ಗದಲ್ಲಿ ನನ್ನದು ಗುಜರಿ ಅಂಗಡಿ. ಟೂರಿಂಗ್ ಟಾಕೀಸಿನ ಹಳೇ ಸ್ಪೀಕರಿನ ಅಯಸ್ಕಾಂತವನ್ನು ದುರುಗಣ್ಣನಿಗೆ ಮಾರಿದವನು ನಾನೇ. ಅದು ನನ್ನ ತಕ್ಕಡಿಗೇ ವಾಪಸು ಬರುತ್ತದೆಂದು ನಾಲ್ಕು ವರ್ಷ ಕಾದವನೂ ನಾನೇ.

ಪಂಪ್‌ಸೆಟ್ ರಿಪೇರಿಯ ದುರುಗಣ್ಣ ಕೂತಲ್ಲಿ ಕೂರುವ ಜೀವವಲ್ಲ. ಉಣ್ಣುವಾಗಲೂ ಒಂದು ಮೊಣಕಾಲು ಎದ್ದೇ ಇರುತ್ತಿತ್ತು. ಬಾಗೂರಿನ ಬಸ್ಸಿಗೆ ಕಾಯುತ್ತ ಬಾಗೂರಿನ ಅರ್ಧ ದಾರಿಯಷ್ಟು ಅಲ್ಲೇ ನಡೆದಿರುತ್ತಿದ್ದ. ಆ ಅಯಸ್ಕಾಂತ ಹಾಕಿ ಅವನು ಕಟ್ಟಿದ ಕರೆಂಟಿನ ಯಂತ್ರವೂ ಹಾಗೇ. ಚಕ್ರವಿಲ್ಲ, ಡೀಸೆಲ್ ಇಲ್ಲ. ಒಂದು ತುದಿಗೆ ಕಡ್ಲೆಕಾಯಿ ಹೊಟ್ಟಿನ ಬೆಂಕಿ, ಇನ್ನೊಂದಕ್ಕೆ ತಣ್ಣೀರು. ಮುಚ್ಚಿದ ಕೊಳವೆಯೊಳಗಿನ ಗಾಳಿ ಕಾದು ಹಿಗ್ಗಿ, ತಣಿದು ಕುಗ್ಗಿ ಪಿಸ್ಟನ್ನನ್ನು ಹಿಂದೆ ಮುಂದೆ ಓಡಿಸುತ್ತಿತ್ತು. ಅದಕ್ಕಂಟಿದ ಅಯಸ್ಕಾಂತ ತಂತಿಯ ಸುರುಳಿಯೊಳಗೆ ಓಡಾಡಿ ಮೂರು ಬಲ್ಬು ಉರಿಸುತ್ತಿತ್ತು.

ಕರೆಂಟು ಎಳೆದು ಉರಿಯುವ ಬಲ್ಬುಗಳ ಭಾರವೇ ಅದಕ್ಕೆ ಮೂಗುದಾರ. ಒಂದು ಆರಿಸಿದರೂ ಪಿಸ್ಟನ್ ಹದ್ದು ಮೀರಿ ನೆಗೆದು ಮುಚ್ಚಳಕ್ಕೆ ಗುದ್ದುತ್ತಿತ್ತು. ಮೂರು ಮುಚ್ಚಳ ಒಡೆದವು. ಮೂರನ್ನೂ ನಾನೇ ಕೊಂಡೆ.

ಎಪ್ಪತ್ತಾರನೇ ಇಸವಿಯಲ್ಲಿ ಅವನ ಹೆಂಡತಿ ನಿಂಗಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟಳು. "ಸಂಜಿಕೆ ನಾನೇ ಎಲ್ಡು ಬಲ್ಬು ಆರುಸ್ತೀನಿ. ಗುದ್ದಿದ್ರೆ ಇದು ಗುಜ್ರಿಗೆ, ನೀನು ನಾಳಿಂದ ಹತ್ತಿ ಮಿಲ್ಲಿಗೆ."

ಮಿಲ್ಲಿನಲ್ಲಿ ಎಂಟು ಗಂಟೆ ಒಂದೇ ಕಡೆ ನಿಲ್ಲಬೇಕು. ದುರುಗಣ್ಣನಿಗೆ ಅದಕ್ಕಿಂತ ಜೈಲು ವಾಸಿ.

ಅವನೊಂದು ಉಪಾಯ ಹೂಡಿದ: ಗಡಿಗೆ ತುಂಬ ಉಪ್ಪುನೀರು, ಮೇಲೆ ಸ್ಪ್ರಿಂಗಿಗೆ ತೂಗುಬಿಟ್ಟ ಎರಡು ತಗಡು. ಕರೆಂಟು ಏರಿದರೆ ಇನ್ನೊಂದು ಸುರುಳಿ ತಗಡುಗಳನ್ನು ನೀರಿಗೆಳೆಯುತ್ತದೆ. ಆರಿದ ಬಲ್ಬಿನ ಪಾಲನ್ನು ಉಪ್ಪುನೀರು ನುಂಗುತ್ತದೆ.

ಸಂಜೆ ನಾನು ತಕ್ಕಡಿ ಹಿಡಿದೇ ಹೋದೆ.

"ಏನ್ ಸಾವ್ಕಾರ್ರೇ, ಜೀವ ಹೋಗಕ್ಕೆ ಮುಂಚೇನೇ ಚಟ್ಟ ತಂದ್ರಾ?" ಎಂದ ದುರುಗಣ್ಣ.

"ದಾರಿ ಮೇಲಿತ್ತು ಕಣಪ್ಪ, ಬಂದೆ."

ಮೂರೂ ಬಲ್ಬು ಹತ್ತಿದವು. ನಿಂಗಕ್ಕ ಬೆಳಕಿಗೆ ಕೈಮುಗಿದಳು. ಅಷ್ಟರಲ್ಲಿ ಮನೆಯ ಟಗರು ಹಗ್ಗ ಕಿತ್ತುಕೊಂಡು ಬಂದು, ಉಪ್ಪಿನ ಆಸೆಗೆ ಮೂತಿ ಹಾಕಿ ಗಡಿಗೆ ಉರುಳಿಸಿತು. ಗಡಿಗೆ ಉಳಿಯಿತು, ನೀರು ಹೋಯಿತು. ಮನೆಯ ಉಪ್ಪೆಲ್ಲ ಅದರಲ್ಲೇ ಇತ್ತು. ದುರುಗಣ್ಣ ಪಕ್ಕದ ಗಿರಿಯಮ್ಮನ ಮನೆಗೆ ಓಡಿದ.

"ದೀಪ ಹಚ್ಚಿದ್ ಮೇಲೆ ಉಪ್ಪು ಕೊಡ್ತಾರೇನೋ? ಲಕ್ಷ್ಮೀನ ಕಳ್ಸು ಅಂತೀಯ?"

"ಇನ್ನೂ ಕತ್ಲಾಗಿಲ್ಲ ಕಣಕ್ಕ!"

"ಬೀದಿಗೆಲ್ಲ ಕಾಣಂಗೆ ನೀನೇ ಹಚ್ಚೀಯಲ್ಲೋ!"

ಮೂರು ಮನೆಯಲ್ಲೂ ಅದೇ ಮಾತು. ಬರಿಗೈಲಿ ಬಂದು ಯಂತ್ರದ ಸುತ್ತ ಸುತ್ತಿದ, ಬೆಂಕಿ ಕೆದಕಿದ, ಮತ್ತೆ ಸುತ್ತಿದ. ನಿಂಗಕ್ಕ ಅವನನ್ನೇ ನೋಡುತ್ತಿದ್ದಳು. ಆಮೇಲೆ ಒಳಗೆ ಹೋಗಿ, ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿಯ ಜಾಡಿ ತಂದು, ಕಾಯಿಗಳನ್ನು ಕೈಯಲ್ಲಿ ತಡೆಹಿಡಿದು ನೀರಷ್ಟನ್ನೂ ಗಡಿಗೆಗೆ ಬಗ್ಗಿಸಿದಳು.

"ಏನ್ ನೋಡ್ತೀಯ? ತಗಡು ಕಟ್ಟು."

ಒಂದು ಬಲ್ಬು ಆರಿಸಿದಳು. ತಗಡುಗಳು ಇಳಿದವು, ಗಡಿಗೆ ಸಣ್ಣಗೆ ಗುನುಗಿತು. ಎರಡನೆಯದನ್ನೂ ಆರಿಸಿದಳು. ಪಿಸ್ಟನ್ ತನ್ನ ಪಾಡಿಗೆ ಓಡುತ್ತಲೇ ಇತ್ತು. ದುರುಗಣ್ಣ ಎರಡೂ ಮೊಣಕಾಲು ಮಡಿಸಿ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ, ಅದೂ ಎರಡು ನಿಮಿಷ.

"ನಿಂಗೀ, ನಾಲ್ಕನೇ ಬಲ್ಬು ಹಾಕಿದ್ರೆ..." ಎನ್ನುತ್ತ ಎದ್ದ.

ನಾನು ಖಾಲಿ ತಕ್ಕಡಿ ಎತ್ತಿಕೊಂಡೆ.

"ನಿಲ್ರಿ ಸಾವ್ಕಾರ್ರೇ," ಎಂದಳು ನಿಂಗಕ್ಕ. "ನೀರಿಲ್ದಲೆ ಈ ಕಾಯಿ ಕೆಡ್ತಾವೆ. ತೂಗ್ಕಂಡು ಹೋಗ್ರಿ."