ಮಲಗಿ ನೋಡಿದ ದೀಪ

ಹೋದ ತಿಂಗಳು ತೀರಿಕೊಂಡ ಏಣಿಯಣ್ಣನ ಬಗ್ಗೆ ಎಲ್ಲವನ್ನೂ ಹೇಳಲು ಹೊರಟರೆ ಮುಗಿಯುವುದಿಲ್ಲ. ಒಂದು ದೀಪದ ವಿಷಯವಾದರೆ ಹೇಳಬಹುದು.

ನಲವತ್ತು ವರ್ಷ ಊರಿನ ಮನೆಗಳಿಗೆ ದೀಪ ಹಾಕಿದವನು ಅವನು. ಹೆಗಲ ಮೇಲೆ ಏಣಿ ಇಲ್ಲದೆ ಅವನನ್ನು ಕಂಡವರು ಕಡಿಮೆ; ಹುಟ್ಟಿದಾಗಿನ ಹೆಸರು ವೈರಿಂಗ್ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಕೆಲಸದಲ್ಲಿ ಎತ್ತಿದ ಕೈ. ಆದರೆ ಅವನ ಸ್ವಂತ ಮನೆಯ ಮುಂದಿನ ಕೋಣೆಯಲ್ಲಿ ನೇತಾಡುತ್ತಿದ್ದದ್ದು ಒಂದು ಬೋಳು ಬಲ್ಬು. ನಾಳೆ ಹಾಕಿದರಾಯಿತು ಎಂದು ಮೂವತ್ತು ವರ್ಷ ತಳ್ಳಿದ್ದ.

ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೂರು ತಿಂಗಳು ಅಂಗಾತ ಮಲಗಿರಬೇಕೆಂದರು ಡಾಕ್ಟರು. ಮಂಚ ಮುಂದಿನ ಕೋಣೆಗೆ ಬಂತು, ಸರಿಯಾಗಿ ಬಲ್ಬಿನ ಕೆಳಗೆ. ಇಕ್ಕಟ್ಟು ಗಲ್ಲಿಯ ಮನೆ, ಹಗಲಲ್ಲೂ ದೀಪ ಬೇಕು. ಬೆಳಕು ಚುಚ್ಚುತ್ತದೆಂದು ಆಕೆ ಕಣ್ಣಿನ ಮೇಲೆ ಬಟ್ಟೆ ಹಾಕಿಕೊಂಡಳು. ಬಂದವರ ಜೊತೆ ಬಟ್ಟೆಯ ಒಳಗಿನಿಂದಲೇ ಮಾತು. ಐದು ವಾರ ಕಳೆಯುವಷ್ಟರಲ್ಲಿ ಮಾತೂ ಇಂಗಿತು, ಊಟವೂ ಬೇಡವಾಯಿತು. ಬಾಯಿಗೆ ಬಿಡುವಿಲ್ಲದ ಹೆಂಗಸು ಹೀಗೆ ಸುಮ್ಮನಾದದ್ದು ಕಂಡು ಅವನಿಗೆ ಹೆದರಿಕೆಯಾಯಿತು. ಆ ಬಟ್ಟೆ ತೆಗೆಸಿದರೆ ಇವಳು ಉಳಿದಾಳು ಅನಿಸಿತು.

ದೀಪದಂಗಡಿಗೆ ಹೋದ. ಅಂಗಡಿಯವನು ಒಂದು ಗೊಂಚಲು ದೀಪ ಹೊತ್ತಿಸಿದ. "ಅಣ್ಣ, ಇದನ್ನ ಹಾಕಿದ್ರೆ ಮನೆ ಅರಮನೆ ಆಗತ್ತೆ."

"ನಮ್ಮ ಕೋಣೆಗೆ ಅದು ಬಂದ್ರೆ ನಾವಿಬ್ರೂ ಹೊರಗೆ ಬೀದೀಲಿರ್ಬೇಕು ಅಷ್ಟೇ. ಸುಮ್ನಿರೋ ಅಂಥದ್ದು ಏನಾದ್ರೂ ಕೊಡು."

ಬಟ್ಟಲು ಕವುಚಿದಂಥ ಒಂದು ಪುಟ್ಟ ಹಿತ್ತಾಳೆ ದೀಪ ಕಂಡಿತು. ರೂಢಿಯಂತೆ ಅಲ್ಲೇ ಏಣಿ ಹತ್ತಿ ಹೋಲ್ಡರು, ಸ್ಕ್ರೂ, ತಂತಿ ಎಲ್ಲ ಪರೀಕ್ಷಿಸಿದ. ಆ ಎತ್ತರದಿಂದ ಬಲ್ಬು ಪೂರ್ತಿ ಮರೆಯಲ್ಲಿತ್ತು. ಅದನ್ನೇ ತಂದು ಹಾಕಿ, "ತೆಗಿಯೇ ಬಟ್ಟೆ!" ಎಂದ.

ತೆಗೆದವಳು ಅದೇ ಉಸಿರಲ್ಲಿ ಮತ್ತೆ ಮುಚ್ಚಿಕೊಂಡಳು. "ಮೊದ್ಲಿನದು ಬರೀ ಉರೀತಿತ್ತು ಕಣ್ರೀ. ಇದು ಗುರಿಯಿಟ್ಟು ಹೊಡೀತಿದೆ!"

ಅವನಿಗೆ ನಂಬಿಕೆಯಾಗಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಅಂಗಾತ ಮಲಗಿ ನೋಡಿದ. ಬಟ್ಟಲಿನ ಬಾಯಿಯಿಂದ ಬೆಳಕು ನೇರ ಕಣ್ಣಿಗೇ ಇಳಿಯಿತು. ಇಷ್ಟು ವರ್ಷ ದೀಪಗಳನ್ನು ಅವುಗಳ ಎತ್ತರಕ್ಕೆ ಏರಿಯೇ ನೋಡಿದ್ದ; ಕೆಳಗೆ ಮಲಗಿದವರಿಗೆ ಅವು ಹೇಗೆ ಕಾಣುತ್ತವೆಂದು ಒಮ್ಮೆಯೂ ನೋಡಿರಲಿಲ್ಲ. ಎಷ್ಟು ಮನೆಗಳಲ್ಲಿ ಎಷ್ಟು ಕಾಯಿಲೆಯವರ ತಲೆಯ ಮೇಲೆ ಏನೇನು ಕಟ್ಟಿ ಬಂದಿದ್ದನೋ!

ಮರುದಿನ ಅಂಗಡಿಯ ನಡುವೆಯೇ ನೆಲದ ಮೇಲೆ ಮೈಚಾಚಿದ.

"ಅಯ್ಯೋ, ತಲೆ ಸುತ್ತು ಬಂತಾ ಅಣ್ಣ? ನೀರು ತರ್ಲಾ?"

"ಏನೂ ಬೇಡ. ಒಂದೊಂದಾಗಿ ಹೊತ್ತಿಸ್ತಾ ಹೋಗು."

"ಗಿರಾಕಿಗಳೆಲ್ಲ ಹೀಗೆ ಮಲಗಿಬಿಟ್ರೆ ನಾನು ಮಂಚದ ವ್ಯಾಪಾರ ಶುರು ಮಾಡ್ಬೇಕಾಗತ್ತೆ!"

ಬಂದವರು ಅವನನ್ನು ಸುತ್ತಿ ಬಳಸಿ ಓಡಾಡಿದರು. ಹನ್ನೊಂದನೆಯದು ಹಾಲುಬಣ್ಣದ ಗಾಜಿನ ತಟ್ಟೆ. ಹೂವಿಲ್ಲ, ಬಳ್ಳಿಯಿಲ್ಲ, ಸೂರಿಗೆ ಅಂಟಿಕೊಂಡು ತನ್ನ ಪಾಡಿಗೆ ತಾನಿತ್ತು. ಎವೆಯಿಕ್ಕದೆ ನೋಡಿದ. ಕಣ್ಣು ನೋಯಲಿಲ್ಲ.

"ಅದಾ? ಯಾರೂ ತಿರುಗಿ ನೋಡಲ್ಲ ಅಂತ ಮೂಲೆಗೆ ಹಾಕಿದ್ದೆ."

"ನಮ್ಮನೇಲಿ ಒಬ್ಳು ಹಗಲೂ ರಾತ್ರಿ ನೋಡ್ಬೇಕಾಗಿದೆ. ಅದನ್ನೇ ಕಟ್ಟು."

ಮನೆಗೆ ತಂದು ಹಾಕಿದ. ಈ ಸಲ ಬಟ್ಟೆ ತೆಗೆಯೆಂದು ಹೇಳುವ ಧೈರ್ಯ ಬರಲಿಲ್ಲ. ಸ್ವಿಚ್ ಒತ್ತಿ ಸ್ಟೂಲಿನ ಮೇಲೆ ಕುಳಿತ. ಆಕೆ ಬಟ್ಟೆಯ ಒಂದು ತುದಿ ಎತ್ತಿದಳು, ಆಮೇಲೆ ಇನ್ನೊಂದು. ಕೊನೆಗೆ ಅದನ್ನು ತೆಗೆದು ಪಕ್ಕಕ್ಕಿಟ್ಟಳು. ಕತ್ತು ಹೊರಳಿಸಿ ಅವನ ಮುಖ ನೋಡಿದಳು.

"ಇದೇನ್ರೀ ಅವತಾರ! ಗಡ್ಡ ಕರಡಿ ಥರ ಬೆಳೆದಿದೆ. ಹೀಗೇನಾ ಊರೆಲ್ಲ ತಿರುಗಿದ್ದು?"

"ಹೂಂ, ಹೀಗೇ."

"ಮಾನ ಕಳೀತೀರಿ. ಮೊದ್ಲು ಹೋಗಿ ಬೋಳಿಸ್ಕೊಳ್ಳಿ. ಆಮೇಲೆ ತಿನ್ನೋಕೆ ಏನಾದ್ರೂ ಕೊಡಿ, ಹಸಿವಾಗ್ತಿದೆ."

ಅವನು ಗಡ್ಡದ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಅಡುಗೆಮನೆಗೆ ಓಡಿದ.