ಮಂಜಪ್ಪ ಮಾಸ್ತರರು ಕಲ್ಲಿಗಿಟ್ಟ ಹೆಸರು

ಸಿದ್ದಾಪುರದ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಮಂಜಪ್ಪನವರನ್ನು ಊರವರು ಕಲ್ಲು ಮಾಸ್ತರ ಎಂದೇ ಕರೆಯುತ್ತಿದ್ದರು. ಭಾನುವಾರ ಬಂತೆಂದರೆ ಅವರು ಹಳೆಯ ಸ್ಕೂಟರ್ ಹತ್ತಿ ಹೊರಡುವರು. ಗದ್ದೆಯ ಬದುವಿನಲ್ಲೋ ಹಾಳುಬಿದ್ದ ಗುಡಿಯ ಹಿಂದೋ ಕೆತ್ತನೆಯ ಕಲ್ಲಿದೆ ಎಂದು ಯಾರಾದರೂ ಹೇಳಿದರೆ ಸಾಕು, ಅಲ್ಲಿಗೆ ಹೋಗಿ ಪಾಚಿ ಉಜ್ಜಿ, ಎದುರಿಗೇ ಚಕ್ಕಳಮಕ್ಕಳ ಹಾಕಿ ಕುಳಿತು ಚಿತ್ರ ಬರೆಯುವರು. ದನ ಹೊಡೆದುಕೊಂಡು ಹೋಗುವ ಕಳ್ಳರು, ಅವರನ್ನು ತಡೆದು ಸತ್ತ ವೀರ, ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ಹೆಂಗಸರು. ಕಲ್ಲಿನಲ್ಲಿ ಸವೆದುಹೋದ ಮುಖಕ್ಕೆ ಅವರ ಪೆನ್ಸಿಲ್ಲಿನಲ್ಲಿ ಜೀವ ಬರುತ್ತಿತ್ತು. ಆದರೆ ಕಲ್ಲಿನ ಮೇಲಿನ ಹಳೆಯ ಅಕ್ಷರ ಅವರಿಗೆ ಓದಲು ಬರುತ್ತಿರಲಿಲ್ಲ. ಅಕ್ಷರವನ್ನೂ ಬಳ್ಳಿ ಹೂವಿನಂತೆ ಚಿತ್ರವಾಗಿಯೇ ಬರೆದುಕೊಂಡು ಬರುತ್ತಿದ್ದರು.

ಹುಲೇಕಲ್ಲಿನ ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿದ್ದ ನಾಗಪತಿ ಅವರ ಬೆನ್ನುಹತ್ತಿದ್ದು ತೊಂಬತ್ತರ ಸುಮಾರಿಗೆ. ನಾನೂ ಬರಲೇ ಎಂದು ಕೇಳಿ ಸ್ಕೂಟರಿನ ಹಿಂದೆ ಕುಳಿತವನು ಆಮೇಲೆ ಇಳಿಯಲೇ ಇಲ್ಲ. ವೀರಗಲ್ಲು ಯಾವುದು, ಗಂಡನ ಜೊತೆ ಸತ್ತವಳ ಮಾಸ್ತಿಕಲ್ಲು ಯಾವುದು ಎಂದು ಅವನಿಗೆ ತೋರಿಸಿಕೊಟ್ಟವರು ಮಾಸ್ತರರೇ. ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ನಾಗಪತಿ ರಜೆ ಹಾಕಿ ಧಾರವಾಡಕ್ಕೆ ಹೋಗಿ ಹಳಗನ್ನಡದ ಲಿಪಿ ಕಲಿತು ಬಂದ.

ಅಲ್ಲಿಂದ ಎಲ್ಲ ತಿರುಗಿತು. ಯಾವ ಊರಿಗೆ ಹೋದರೂ ಜನ ನಾಗಪತಿಯ ಸುತ್ತ ನೆರೆಯುತ್ತಿದ್ದರು. ಅವನು ಒಮ್ಮೆ ಗಂಟಲು ಸರಿಮಾಡಿಕೊಂಡು ಕಲ್ಲಿನ ಮೇಲೆ ಬೆರಳಾಡಿಸುತ್ತ ಓದಿದರೆ, ನಮ್ಮೂರಿನ ಹೆಸರು ಇದೆಯಂತೆ ಎಂದು ಹಿರಿಯರು ಕೈಮುಗಿಯುತ್ತಿದ್ದರು. ಚಾ ಮೊದಲು ಅವನಿಗೆ ಬರುತ್ತಿತ್ತು. ಚಿತ್ರ ಬರೆಯುತ್ತ ಬಿಸಿಲಲ್ಲಿ ಕುಳಿತ ಮಾಸ್ತರರಿಗೆ ಆ ಗಂಟಲು ಸರಿಮಾಡುವ ಸದ್ದು ಕೇಳಿದರೇ ಮೈ ಉರಿಯತೊಡಗಿತು. ಮನೆಯಲ್ಲಿ ಹೆಂಡತಿ ಜಯಾ, ನಾಗಪತಿ ಎಷ್ಟು ಬುದ್ಧಿವಂತ ಎಂದು ಹೇಳಿ ಅವನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿದ ದಿನ ಅವರು ಅರ್ಧಕ್ಕೇ ಎದ್ದು ಕೈತೊಳೆದರು. ಗುಟ್ಟಾಗಿ ಲಿಪಿಯ ಪುಸ್ತಕವೊಂದನ್ನು ತರಿಸಿಕೊಂಡು ಕಲಿಯಲೂ ನೋಡಿದರು. ಕಣ್ಣು ಅಕ್ಷರದ ಚಂದಕ್ಕೇ ಸೋಲುತ್ತಿತ್ತು. ಅರ್ಥ ಕೈಗೆ ಹತ್ತಲಿಲ್ಲ.

ತೊಂಬತ್ತೇಳರಲ್ಲಿ ಶಿರಸಿಯ ಇತಿಹಾಸಾಸಕ್ತರು ಒಂದು ಬಳಗ ಕಟ್ಟಿ, ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳ ಕಲ್ಲು, ಗುಡಿ, ಕೋಟೆಗಳನ್ನು ದಾಖಲಿಸಲು ಹೊರಟರು. ಮೊದಲ ತೊಡಕು ಬಂದದ್ದೇ ಹೆಸರಿನದು. ಒಂದೇ ಬಗೆಯ ವೀರಗಲ್ಲನ್ನು ಒಂದೂರಿನವರು ಬೀರಪ್ಪ ಎಂದರೆ ಪಕ್ಕದೂರಿನವರು ಜಟಗ ಎನ್ನುವರು, ಮತ್ತೊಂದೂರಲ್ಲಿ ಅದು ಬರೀ ದೇವರ ಕಲ್ಲು. ಒಬ್ಬರು ಮಾಸ್ತಿಕಲ್ಲು, ಇನ್ನೊಬ್ಬರು ಸತಿಕಲ್ಲು ಎಂದು ಬರೆದು ಒಂದೇ ಕಲ್ಲು ಎರಡಾಗಿತ್ತು. ಹಾಗಾಗಿ ಒಂದು ಬಗೆಗೆ ಒಂದೇ ಹೆಸರು, ಆ ಹೆಸರಿಗೆ ಇಂತಿಂಥ ಲಕ್ಷಣ ಎಂದು ಗೊತ್ತುಮಾಡಬೇಕೆಂದಾಯಿತು. ಆ ಕೆಲಸ ತಮಗೇ ಬರುತ್ತದೆಂದು ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಭೆಗೆ ಹೋಗಿದ್ದರು. ಹೆಸರು ಗೊತ್ತುಮಾಡುವುದು ನಾಗಪತಿಗಿರಲಿ, ಮಾಸ್ತರರು ಚಿತ್ರ ಬರೆದುಕೊಡಲಿ ಎಂದರು ಅಧ್ಯಕ್ಷರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಸ್ತರರೂ ತಟ್ಟಿದರು.

ಯಲ್ಲಾಪುರ ತಾಲೂಕಿನ ವಜ್ರಳ್ಳಿಯ ಗದ್ದೆಯೊಂದರ ಅಂಚಿನಲ್ಲಿ ನೆತ್ತಿ ದುಂಡಗಿದ್ದ, ಅಕ್ಷರವಿಲ್ಲದ ಒಂದು ಕಲ್ಲುಕಂಬ ನಿಂತಿತ್ತು. ಮುಂದಿನ ಸಭೆಯಲ್ಲಿ ನಾಗಪತಿ ಅದನ್ನು ಗೋಸಾಸ ಎಂದ. ಸಾವಿರ ಹಸು ದಾನ ಕೊಟ್ಟದ್ದರ ನೆನಪಿಗೆ ನೆಟ್ಟ ಕಲ್ಲು. ಚಿತ್ರ ಬರೆಯುವಾಗಲೇ ಮಾಸ್ತರರಿಗೂ ಹಾಗೇ ಅನಿಸಿತ್ತು. ದಾನದ ಭೂಮಿಯ ಗಡಿಕಲ್ಲಾದರೆ ಸೂರ್ಯ ಚಂದ್ರರ ಗುರುತಿರಬೇಕು. ಇದರಲ್ಲಿ ಅದು ಇರಲಿಲ್ಲ. ಆದರೂ ನಾಗಪತಿ ಗಂಟಲು ಸರಿಮಾಡಿಕೊಂಡು ಮಾತು ಮುಗಿಸಿದ ಕ್ಷಣ ಅವರು ಎದ್ದು ನಿಂತರು.

“ಅದು ಗಡಿಕಲ್ಲು. ಸೂರ್ಯ ಚಂದ್ರ ಸವೆದು ಹೋಗಿದ್ದಾವೆ. ನಾ ಕೈಯಾಡಿಸಿ ನೋಡಿದ್ದೇನೆ.”

ನಾಗಪತಿ ಅವರ ಮುಖ ನೋಡಿದ, ಮರುಮಾತಾಡಲಿಲ್ಲ. ಹಿರಿಯರ ಮಾತೆಂದು ಅಧ್ಯಕ್ಷರು ಗಡಿಕಲ್ಲು ಎಂದೇ ಬರೆಸಿದರು. ಆ ವಾರವಿಡೀ ಮಾಸ್ತರರು ಮನೆಯಲ್ಲಿ ಹಾಡು ಗುನುಗುತ್ತಿದ್ದರು.

ವರ್ಷ ಕಳೆದ ಮೇಲೆ, ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ, ಅಪರಿಚಿತ ರೈತನೊಬ್ಬ ಬಸ್ಸು ಬದಲಿಸಿಕೊಂಡು ವಜ್ರಳ್ಳಿಯಿಂದ ಮನೆ ಹುಡುಕಿಕೊಂಡು ಬಂದ. ಹೆಸರು ಕೆರಿಯಪ್ಪ. ಜಗುಲಿಯ ತುದಿಯಲ್ಲಿ ಕುಳಿತು ಹೇಳಿದ. ಅವನ ಗದ್ದೆಗೆ ಗಾಡಿ ಹೋಗುವ ದಾರಿ ಆ ಕಲ್ಲಿನ ಆಚೆಗಿತ್ತು, ಅಜ್ಜನ ಕಾಲದಿಂದ ಯಾರೂ ಬೇಡವೆಂದಿರಲಿಲ್ಲ. ಈಗ ಪಕ್ಕದ ಗದ್ದೆಯ ಜಟ್ಟಪ್ಪ, ಕಲ್ಲು ಗಡಿಯದೆಂದು ಶಿರಸಿಯ ಬಳಗದ ಪಟ್ಟಿಯಲ್ಲಿ ತಿಳಿದವರೇ ಬರೆದಿದ್ದಾರೆ, ಅದರಾಚೆ ಎಲ್ಲ ನನ್ನದು ಎಂದು ಬೇಲಿ ಹಾಕಿದ್ದಾನೆ. ಕೊಯ್ದ ಭತ್ತ ತಲೆಹೊರೆಯಲ್ಲಿ ಸಾಗಿಸಬೇಕಾಗಿದೆ. ಹೇಳಿ ಮುಗಿಸಿ ಕೆರಿಯಪ್ಪ ಕೇಳಿದ್ದು ಇಷ್ಟೇ.

“ಬರ್ದವ್ರು ನೀವಂತೆ. ಹೌದಾ ಅದು, ಗಡಿದೇಯಾ?”

ಮಾಸ್ತರರಿಗೆ ಮೊದಲು ಹೊಳೆದದ್ದು ಕೆರಿಯಪ್ಪನ ಹೊರೆಯಲ್ಲ. ಅಲ್ಲ ಎಂದರೆ ನಾಗಪತಿ ಗೆದ್ದಂತೆ ಎಂಬುದು. ನೋಡಿ ಹೇಳುತ್ತೇನೆ ಎಂದು ಅವನನ್ನು ಚಾ ಕೊಟ್ಟು ಕಳಿಸಿದರು. ಒಳಗಿನಿಂದ ಕೇಳಿಸಿಕೊಂಡಿದ್ದ ಜಯಾ ಲೋಟ ಎತ್ತುತ್ತ, ಇನ್ನು ನೋಡುವುದು ಏನಿದೆ, ಅದರ ಚಿತ್ರ ಬರೆದು ತಂದ ದಿನ ನೀವೇ ನನಗೆ ಗೋಸಾಸ ಎಂದಿದ್ದಿರಲ್ಲ ಎಂದರು. ನಾಗಪತಿ ಬಾಯಿಬಿಟ್ಟು ವಾದ ಮಾಡಿದ್ದರೆ ಇದಾಗುತ್ತಿರಲಿಲ್ಲ ಎಂದು ಮಾಸ್ತರರು ಅವನ ಮೇಲೆಯೇ ತಪ್ಪು ಹೊರಿಸಲು ನೋಡಿದರು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಭಾನುವಾರ ವಜ್ರಳ್ಳಿಗೆ ಹೋದರು. ಕೆರಿಯಪ್ಪ, ಜಟ್ಟಪ್ಪ ಮತ್ತು ಊರಿನ ಹಿರಿಯರು ಕಲ್ಲಿನ ಬಳಿ ಸೇರಿದ್ದರು. ಇದು ಗಡಿಕಲ್ಲಲ್ಲ, ಗೋಸಾಸ, ಇದಕ್ಕೂ ಯಾರ ಗದ್ದೆಯ ಅಂಚಿಗೂ ಸಂಬಂಧವಿಲ್ಲ ಎಂದು ಮಾಸ್ತರರು ಹೇಳಿದರು. ಹಾಗಾದರೆ ಮೊದಲು ಯಾಕೆ ಹಾಗೆ ಬರೆಸಿದಿರಿ ಎಂದ ಜಟ್ಟಪ್ಪ. ಕಣ್ತಪ್ಪು ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು.

“ಸರಿಯಾದ ಹೆಸ್ರು ನಾಗಪತಿ ಮೊದ್ಲು ಹೇಳ್ದ. ಅದಕ್ಕೇ ನಾ ಬೇರೆ ಹೇಳ್ದೆ.”

ಜಟ್ಟಪ್ಪ ಬೇಲಿಯ ಗೂಟಕ್ಕೆ ಕೈಯೂರಿ ಕೇಳಿದ: “ನಿಮ್ಮಿಬ್ರ ಮತ್ಸರಕ್ಕೆ ನಮ್ ಗದ್ದೆನೇ ಬೇಕಿತ್ತಾ ಮಾಸ್ತರೇ?”

ಅವನು ಗೊಣಗುತ್ತಲೇ ಬೇಲಿಯ ಒಂದು ಮಗ್ಗುಲು ಬಿಚ್ಚಿ ಗಾಡಿಗೆ ದಾರಿ ಬಿಟ್ಟ. ಆದರೆ ಕೆರಿಯಪ್ಪನೊಡನೆ ಬಹುಕಾಲ ಮಾತು ಬಿಟ್ಟೇ ಇದ್ದ. ಮಾಸ್ತರರು ಬಳಗಕ್ಕೂ ಹೋಗಿ ಹೆಸರು ತಿದ್ದಿಸಿದರು.

ಸುದ್ದಿ ತಿಳಿದು ನಾಗಪತಿ ಮನೆಗೆ ಬಂದ. ಮಾಸ್ತರರು ತಿಳಿದೇ ತಪ್ಪು ಹೇಳಿದ್ದೆಂದು ತನಗೆ ಸಭೆಯಲ್ಲೇ ಗೊತ್ತಾಗಿತ್ತು ಎಂದ. ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ, “ನನ್ನ ಕಲ್ಲಿನ ಹತ್ರ ಕರ್ಕಂಡು ಹೋದವ್ರೇ ನೀವು. ನಿಮ್ಮ ಎದುರಿಗೆ ಎಂತ ಹೇಳೂದು?” ಎಂದ. ಮಾಸ್ತರರಿಗೆ ಸಮಾಧಾನವಾಗುವ ಬದಲು ಮತ್ತಷ್ಟು ಉರಿಯಿತು. ಒಳ್ಳೆಯತನದಲ್ಲೂ ಇವನೇ ಒಂದು ಹೆಜ್ಜೆ ಮುಂದೆ.

ಎರಡು ಸಾವಿರದ ಮೂರರಲ್ಲಿ ಪುಸ್ತಕ ಅಚ್ಚಾಯಿತು. ಹೆಸರುಗಳು, ಲಕ್ಷಣಗಳು ನಾಗಪತಿಯವು, ಚಿತ್ರಗಳು ಮಾಸ್ತರರವು. ಮಾಸ್ತರರು ಮೊದಲು ಮಾಡಿದ ಕೆಲಸವೆಂದರೆ ನಾಗಪತಿಯ ಬರಹದಲ್ಲಿ ತಪ್ಪು ಹುಡುಕಿದ್ದು. ಸಿಗಲಿಲ್ಲ. ಶಿರಸಿಯಲ್ಲಿ ಬಿಡುಗಡೆಯಾದ ದಿನ ಬಂದವರೆಲ್ಲ ಪುಟ ತಿರುವಿ ಚಿತ್ರಗಳನ್ನೇ ನೋಡಿದರು. ಬರಹದ ಮೇಲೆ ಕಣ್ಣೋಡಿಸಿದವರು ಕಡಿಮೆ. ಹೆಂಗಸರು ಮಾಸ್ತಿಕಲ್ಲಿನ ಬಳೆ ತೊಟ್ಟ ಕೈಯನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರು, ಮಾಸ್ತರರ ಸುತ್ತ ಜನ ನೆರೆದರು. ಕಂಬಕ್ಕೊರಗಿ ಒಬ್ಬನೇ ನಿಂತಿದ್ದ ನಾಗಪತಿ ಹತ್ತಿರ ಬಂದು, ಎಲ್ಲರೂ ಚಿತ್ರ ನೋಡುವವರೇ, ಓದುವವರು ಯಾರೂ ಇಲ್ಲ ಎಂದು ನಕ್ಕ. ತುಟಿ ಮಾತ್ರ ನಕ್ಕಿತ್ತು. ಆ ಬಿಗಿದ ಮುಖದ ಗುರುತು ಮಾಸ್ತರರಿಗಿಂತ ಚೆನ್ನಾಗಿ ಯಾರಿಗೆ ಇದ್ದೀತು? ಸಮಾಧಾನದ ಒಂದು ಮಾತು ಹೇಳಬಹುದಿತ್ತು. ಅವರು ಹೇಳಲಿಲ್ಲ. ಸ್ವಲ್ಪ ಹೊತ್ತು ಆ ಮುಖ ನೋಡುವ ಸುಖವನ್ನು ಅನುಭವಿಸಿ, ಆಮೇಲೆ ಇಡಗುಂದಿಯ ಕಡೆ ಹೊಸದೊಂದು ಕಲ್ಲು ಸಿಕ್ಕಿದೆಯಂತೆ, ನಾಡಿದ್ದು ಬರುತ್ತೀಯಾ ಎಂದು ಕೇಳಿದರು.