ಗುಡ್ಡದೆದುರಿನ ಕಿಟಕಿ

ನನ್ನ ಅಡುಗೆಮನೆಯಲ್ಲಿ ಎರಡು ಕಿಟಕಿಗಳಿವೆ. ಗೋಡೆಯಲ್ಲಿರುವ ಕಿಟಕಿಯಿಂದ ಕುವೈತಿನ ಮೀನಾ ಅಬ್ದುಲ್ಲಾದ ರಿಫೈನರಿಯ ಬೆಂಕಿ ಕಾಣುತ್ತದೆ. ನನ್ನ ಗಂಡ ದುಡಿಯುವುದು ಅಲ್ಲೇ. ಇನ್ನೊಂದು ಕಿಟಕಿ ಎಂದರೆ ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟ ಟ್ಯಾಬ್ಲೆಟ್ಟು. ಅದರಲ್ಲಿ ಪ್ಯಾಲೆಸ್ತೀನಿನ ವೆಸ್ಟ್ ಬ್ಯಾಂಕಿನ ಒಂದು ಹಳ್ಳಿಮನೆಯ ಕೋಣೆ ಕಾಣುತ್ತದೆ. ಆ ಕೋಣೆಗೊಂದು ಬಾಗಿಲು, ತೆರೆದ ಕಿಟಕಿ, ಕಿಟಕಿಯಾಚೆ ಕಾಲುದಾರಿ, ಕಾಲುದಾರಿಯ ಆಚೆ ಗುಡ್ಡ. ಟ್ಯಾಬ್ಲೆಟ್ಟು ನನ್ನದಲ್ಲ, ಪಕ್ಕದ ಫ್ಲ್ಯಾಟಿನ ಖಾಲಾ ಅವರದು.

ಖಾಲಾ ಎಂದರೆ ಅರಬಿಯಲ್ಲಿ ಚಿಕ್ಕಮ್ಮ. ನಮಗೆ ರಕ್ತಸಂಬಂಧವೇನಿಲ್ಲ, ಗೋಡೆಯ ಸಂಬಂಧ. ಅವರು ಹುಟ್ಟಿದ್ದು ಕುವೈತಿನಲ್ಲಿ, ಪಾಸ್‌ಪೋರ್ಟು ಜೋರ್ಡಾನಿನದು, ಊರು ಎಂದು ಹೇಳುವುದು ವೆಸ್ಟ್ ಬ್ಯಾಂಕಿನಲ್ಲಿರುವ ತಂದೆಯ ಹಳ್ಳಿಯನ್ನು. ಶಾಲೆಯಲ್ಲಿ ಅರಬಿ ಕಲಿಸಿ ನಿವೃತ್ತರಾದವರು. ನನ್ನ ಅರಬಿ ಜಮಿಯಾ ಅಂಗಡಿಯಲ್ಲಿ ಟೊಮೆಟೊ ಕೊಳ್ಳುವಷ್ಟಕ್ಕೆ ಸಾಕಾಗುವಂಥದ್ದು. ಅದನ್ನು ಕೇಳಿದರೆ ಅವರು ಕಿವಿ ಮುಚ್ಚಿಕೊಳ್ಳುತ್ತಾರೆ. ಕಿಡ್ನಿ ಕೈಕೊಟ್ಟು ಹಾಸಿಗೆಯಲ್ಲಿ ಬಿದ್ದಿದ್ದಾಗಲೂ ನನ್ನ ವ್ಯಾಕರಣ ತಿದ್ದಿದ ಮಹಾತಾಯಿ ಅವರು. ಅವರಿಗಿರುವುದು ಒಬ್ಬಳೇ ಮಗಳು. ಅವಳು ಮದುವೆಯಾಗಿ ಅಜ್ಜನ ಹಳ್ಳಿಗೇ ಹೋದಳು, ಅಲ್ಲಿ ಪತ್ರಕರ್ತೆಯಾದಳು. ಗುಡ್ಡಗಳ ಮೇಲೆ ಬಂದು ಕೂತ ಇಸ್ರೇಲಿ ವಸಾಹತಿನವರು ಸುತ್ತಲಿನ ಹಳ್ಳಿಗಳಿಗೆ ಏನು ಮಾಡುತ್ತಾರೆ ಎನ್ನುವುದನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಅವಳ ಕೆಲಸ. ಗಂಡನಿಗೆ ದೂರದ ಪಟ್ಟಣದಲ್ಲಿ ಕೆಲಸ. ಹಳ್ಳಿಯ ಕೊನೆಯ ಮನೆಯಲ್ಲಿ ಅವಳು ಹೆಚ್ಚಾಗಿ ಒಬ್ಬಳೇ ಇರುತ್ತಾಳೆ.

ತಾಯಿ ಮಗಳ ನಡುವೆ ದಿನವಿಡೀ ವಿಡಿಯೊ ಕಾಲ್ ತೆರೆದೇ ಇರುವುದನ್ನು ಮೊದಲು ನೋಡಿದಾಗ ನನಗೆ ವಿಶೇಷ ಅನ್ನಿಸಲಿಲ್ಲ. ಗಲ್ಫಿನಲ್ಲಿರುವ ನಾವೆಲ್ಲ ಹಾಗೇ. ಸುರತ್ಕಲ್ಲಿನ ನನ್ನ ಅಕ್ಕ ಅಲ್ಲಿ ಮೀನು ತೊಳೆಯುತ್ತಾ ಇಲ್ಲಿನ ನನ್ನ ಸಾರಿಗೆ ಹುಳಿ ಹೆಚ್ಚಾಯಿತೆಂದು ಬಣ್ಣ ನೋಡಿಯೇ ಹೇಳುತ್ತಾಳೆ. ಇದೂ ಅಂಥದ್ದೇ ಎಂದುಕೊಂಡಿದ್ದೆ. ಆಮೇಲೆ ಖಾಲಾ ವಿವರಿಸಿದರು. ಮಗಳು ಹೊರಗೆ ಹೋದಾಗ ಆ ಖಾಲಿ ಮನೆಯನ್ನು ಯಾರಾದರೂ ನೋಡುತ್ತಿರಬೇಕು. ಅಲ್ಲಿ ಫೋನು, ಕ್ಯಾಮೆರಾ ಕಿತ್ತುಕೊಂಡು ಹೋಗುತ್ತಾರೆ, ಅದಕ್ಕೇ ರೆಕಾರ್ಡಿಂಗ್ ಕುವೈತಿನಲ್ಲಿ ಆಗುತ್ತಿರಬೇಕು.

ಡಯಾಲಿಸಿಸ್ ಇದ್ದ ದಿನಗಳಲ್ಲಿ ಆ ಕಾವಲು ನನ್ನ ಪಾಲಿಗೆ ಬಂತು. ನಾನು ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುವವಳು, ಮಧ್ಯಾಹ್ನ ಮನೆಯಲ್ಲಿರುತ್ತೇನೆ. ಖಾಲಾ ಟ್ಯಾಬ್ಲೆಟ್ಟು ಕೊಡುವಾಗ ಪಾಠ ಹೇಳುವಂತೆ ಹೇಳಿದರು: "ಮಾತಾಡಬೇಡ. ರೆಕಾರ್ಡಿಂಗ್ ನಿಲ್ಲಿಸಬೇಡ. ಯಾರಾದರೂ ಇಳಿದು ಬಂದರೆ ಮಗಳಿಗೆ ಮೆಸೇಜ್ ಹಾಕು. ನಿನ್ನ ಮುಖ ಕಾಣಬಾರದು, ಖಲಾಸ್." ಕ್ಯಾಮೆರಾದ ಕಣ್ಣಿಗೆ ಆಸ್ಪತ್ರೆಯ ಬಿಳಿ ಟೇಪಿನ ತುಂಡು ಅಂಟಿಸಿದ್ದರು.

ಆ ಟೇಪನ್ನು ನಾನು ಕಿತ್ತೆ. ಅಂದೇ ಅಲ್ಲ, ಸ್ವಲ್ಪ ದಿನದ ಮೇಲೆ. ನಮ್ಮ ಕಡೆ ಯಾರದ್ದಾದರೂ ಮನೆಯೊಳಗೆ ಇಣುಕಿದರೆ "ಯಾರದು?" ಎಂದು ಕೇಳುವ ಮೊದಲೇ ನಾವೇ ಮುಖ ತೋರಿಸುತ್ತೇವೆ. ಮುಖ ಮುಚ್ಚಿಕೊಂಡು ಇನ್ನೊಬ್ಬ ಹೆಂಗಸಿನ ಹಾಸಿಗೆ, ಬಟ್ಟೆ, ಚಹಾದ ಲೋಟ ನೋಡುತ್ತಾ ಕೂರುವುದು ನನ್ನಿಂದಾಗಲಿಲ್ಲ. ಮಗಳಿಗೆ ಅದು ಇಷ್ಟವೇ ಆಯಿತು. ಹೊರಗಿನಿಂದ ಬಂದವಳೇ ಕೈಬೀಸಿ "ಅಕ್ಕ, ಇವತ್ತು ಏನು?" ಎಂದು ಇಂಗ್ಲಿಷಿನಲ್ಲಿ ಕೇಳುವಳು. ಅಕ್ಕ ಎನ್ನುವುದನ್ನು ನಾನೇ ಕಲಿಸಿದ್ದು. ನಾನು ಬಾಯಿ ಬಿಡದೆ ಬಾಣಲೆ ಎತ್ತಿ ತೋರಿಸುವೆ. ಮಾತಾಡಬೇಡ ಎಂಬ ಒಂದು ನಿಯಮವನ್ನಾದರೂ ಪಾಲಿಸುತ್ತಿದ್ದೆ.

ಗುಡ್ಡ ಮಾತ್ರ ಪ್ರತಿಸಲವೂ ಬೇರೆಯಾಗಿರುತ್ತಿತ್ತು. ಮೊದಲು ಒಂದು ಡೇರೆ ಇತ್ತು. ಆಮೇಲೆ ಅದರ ಜಾಗದಲ್ಲಿ ಚಕ್ರದ ಮೇಲಿನ ತಗಡಿನ ಮನೆ, ಪಕ್ಕದಲ್ಲಿ ನೀರಿನ ಟ್ಯಾಂಕು, ಮೇಲೊಂದು ಬಾವುಟ ಬಂತು. ಕುರಿಗಳು ಬಂದವು. ಕುರಿ ಕಾಯುವವರು ಅವನ್ನು ಬೇಕೆಂದೇ ಹಳ್ಳಿಯವರ ಆಲಿವ್ ಗಿಡಗಳೊಳಗೆ ಇಳಿಸಿದರು. ಒಂದು ದಿನ ಕಾಲುದಾರಿಗೆ ಅಡ್ಡಲಾಗಿ ಕಲ್ಲು ಜೋಡಿಸಿದ್ದರು. ಅದನ್ನು ದಾಟಿ ಮನೆಗೆ ಬಂದ ಮಗಳು ಪತ್ರಕರ್ತರ ನೀಲಿ ಅಂಗಿಯನ್ನು ಮೊಳೆಗೆ ತೂಗುಹಾಕುತ್ತಾ ಹೇಳಿದಳು, "ಮೊದಲು ಇದನ್ನು ನೋಡಿದರೆ ಸ್ವಲ್ಪ ಹಿಂಜರಿಯುತ್ತಿದ್ದರು. ಈಗ ಇದನ್ನೇ ಹುಡುಕಿಕೊಂಡು ಬರುತ್ತಾರೆ." ಅದೇ ವಾರ ಅವಳ ಜೊತೆಗಾರನೊಬ್ಬನ ಕೈಯನ್ನು ದೊಣ್ಣೆಯಿಂದ ಮುರಿದಿದ್ದರು, ಕ್ಯಾಮೆರಾ ಹಿಡಿಯುವ ಕೈಯನ್ನೇ. ಆಮೇಲೆ ಟ್ಯಾಬ್ಲೆಟ್ಟು ಒರಗಿಸಿಡುವಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು.

ಆಲಿವ್ ಕೊಯ್ಲಿನ ಕಾಲ. ಖಾಲಾ ಆಸ್ಪತ್ರೆಗೆ ಹೋಗಿದ್ದರು. ಮಗಳು ತೋಟದ ಕಡೆ ಚಿತ್ರೀಕರಣಕ್ಕೆ ಹೋಗಿದ್ದಳು, ಬ್ಯಾಟರಿ ಬದಲಿಸಲು ಸ್ವಲ್ಪ ಹೊತ್ತಿನಲ್ಲಿ ಬರುವುದಾಗಿ ಹೇಳಿದ್ದಳು. ನಾನು ಅಲಸಂಡೆ ಹೆಚ್ಚುತ್ತಿದ್ದೆ. ತಲೆ ಎತ್ತಿದಾಗ ಗುಡ್ಡದಿಂದ ಮೂವರು ಇಳಿಯುತ್ತಿದ್ದರು. ಓಡುತ್ತಿರಲಿಲ್ಲ. ತಮ್ಮದೇ ಹಿತ್ತಿಲಿಗೆ ಬರುವ ಹಾಗೆ ಬರುತ್ತಿದ್ದರು. ಮುಖಕ್ಕೆ ಬಟ್ಟೆ ಕಟ್ಟಿದ್ದರು, ಇಬ್ಬರ ಕೈಯಲ್ಲಿ ದೊಣ್ಣೆ ಇತ್ತು.

ನನ್ನ ಫೋನಿನಿಂದ "ಬರಬೇಡ" ಎಂದು ಇಂಗ್ಲಿಷಿನಲ್ಲಿ ಮೆಸೇಜು ಹಾಕಿದೆ. ಒಂದೇ ಟಿಕ್ ಬಿತ್ತು. ತೋಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ ಎಂದು ಅವಳೇ ಹೇಳಿದ್ದಳು. ಫೋನು ಮಾಡಿದೆ, ಹೋಗಲಿಲ್ಲ. ಅಷ್ಟರಲ್ಲಿ ಬಾಗಿಲು ಒಡೆಯಿತು.

ಮೂವರೂ ಒಳಗಿದ್ದರು. ಒಬ್ಬ ಕಪಾಟು ಎಳೆದು ಹಾಕಿದ, ಇನ್ನೊಬ್ಬ ಮೊಳೆಯಿಂದ ನೀಲಿ ಅಂಗಿ ತೆಗೆದು ತಾನೇ ತೊಟ್ಟುಕೊಂಡು ಕುಣಿದ. ಆಮೇಲೆ ಎಲ್ಲರೂ ಸುಮ್ಮನಾದರು. ಹೊರಟುಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಒಬ್ಬ ಬಾಗಿಲ ಮರೆಯಲ್ಲಿ ನಿಂತ, ಇನ್ನೊಬ್ಬ ಹಾಸಿಗೆಯ ಮೇಲೆ ಕೂತ. ಅವರು ಅವಳಿಗಾಗಿ ಕಾಯುತ್ತಿದ್ದರು. ನನಗೆ ಇದನ್ನೆಲ್ಲ ತೋರಿಸುತ್ತಿದ್ದ ಫೋನು ಎತ್ತರದ ಶೆಲ್ಫಿನ ಮೇಲೆ ಡಬ್ಬಗಳ ನಡುವೆ ಇತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆಗ ಕಿಟಕಿಯಲ್ಲಿ ಅವಳು ಕಂಡಳು. ಕೊರಳಿಗೆ ಕ್ಯಾಮೆರಾ ಹಾಕಿಕೊಂಡು, ತಲೆ ತಗ್ಗಿಸಿ, ಕಲ್ಲು ನೋಡಿಕೊಂಡು ಕಾಲುದಾರಿಯಲ್ಲಿ ಬರುತ್ತಿದ್ದಳು.

"ಬರಡ! ಪಿರ ಪೋ! ಪಿರ ಪೋ!" ಎಂದು ಕಿರುಚಿದೆ. ಬರಬೇಡ, ವಾಪಸು ಹೋಗು ಎಂದು. ಅಷ್ಟು ವರ್ಷ ಆಫೀಸಿನಲ್ಲಿ ಇಂಗ್ಲಿಷ್ ಮಾತಾಡಿದವಳ ಬಾಯಿಂದ ಆ ಹೊತ್ತಿಗೆ ಬಂದದ್ದು ಹುಟ್ಟಿದಾಗಿನ ತುಳುವೇ. ಒಂದು ಮಾತೂ ಅವಳಿಗೆ ಅರ್ಥವಾಗಿರಲಿಕ್ಕಿಲ್ಲ. ಆದರೆ ಎಂದೂ ಬಾಯಿ ಬಿಡದ ಫೋನು ತನ್ನ ಮನೆಯೊಳಗೆ ಬೊಬ್ಬೆ ಹೊಡೆಯುತ್ತಿದೆ ಎಂದರೆ ಏನು ಎಂಬುದು ಅವಳಿಗೆ ತಿಳಿಯಿತು. ನಿಂತಳು. ಮರುಕ್ಷಣ ಕಾಲುದಾರಿ ಖಾಲಿಯಾಗಿತ್ತು.

ಇಬ್ಬರು ಹೊರಗೆ ಓಡಿದರು. ಮೂರನೆಯವನು ಡಬ್ಬ ಸರಿಸಿ ಫೋನು ಕೈಗೆತ್ತಿಕೊಂಡ. ಸೆಕೆಗೋ ಏನೋ, ಮುಖದ ಬಟ್ಟೆಯನ್ನು ಗಲ್ಲದ ಕೆಳಗೆ ಎಳೆದುಕೊಂಡಿದ್ದ. ಇಪ್ಪತ್ತು ದಾಟಿದ ಪ್ರಾಯ, ಬಿಸಿಲಿಗೆ ಸಿಪ್ಪೆ ಎದ್ದ ಮೂಗು. ನನ್ನನ್ನೂ ನನ್ನ ಹಿಂದಿನ ಕುಕ್ಕರನ್ನೂ ಚೂರಿ ಹಿಡಿದ ಕೈಯನ್ನೂ ಸಾವಕಾಶವಾಗಿ ನೋಡಿದ. ಹಣೆಯ ಬೊಟ್ಟು ನೋಡಿ ಅವನ ಮುಖ ಅರಳಿತು.

"ಇಂಡಿಯಾ?" ಎಂದ.

"ಗೋಕರ್ಣ! ನಾನು ಬಂದಿದ್ದೆ. ಬ್ಯೂಟಿಫುಲ್. ಎಷ್ಟು ಒಳ್ಳೆಯ ಜನ ನೀವು," ಎಂದು ಇಂಗ್ಲಿಷಿನಲ್ಲಿ ಹೇಳಿ, ಪರಿಚಯದವರನ್ನು ಕಂಡಂತೆ ನಕ್ಕ. ಆಮೇಲೆ ಫೋನನ್ನು ನೆಲಕ್ಕೆ ಅಪ್ಪಳಿಸಿದ.

ಖಾಲಾ ಆಸ್ಪತ್ರೆಯಿಂದ ಬರುವವರೆಗೂ ಮಗಳ ಸುದ್ದಿಯಿಲ್ಲ. ಅವರನ್ನು ಸೋಫಾದಲ್ಲಿ ಕೂರಿಸಿ, ಎಲ್ಲಿಂದ ಶುರು ಮಾಡಲಿ ಎಂದು ತಡವರಿಸುತ್ತಿದ್ದಾಗ ಅವರ ಫೋನು ಹೊಡೆದುಕೊಂಡಿತು. ಮಗಳು ಹಳ್ಳಿಯ ಇನ್ನೊಂದು ತುದಿಯಲ್ಲಿ, ಯಾರದೋ ಮನೆಯಲ್ಲಿದ್ದಳು. ಖಾಲಾ ಸೂಜಿ ಚುಚ್ಚಿದ ಕೈಯಿಂದಲೇ ನನ್ನ ತಲೆ ಹಿಡಿದು ಎದೆಗೊತ್ತಿಕೊಂಡರು. ನಾನು ಗಟ್ಟಿಯಾಗಿ ಅತ್ತೆ, ಅದನ್ನೇನೂ ಮುಚ್ಚಿಡುವುದಿಲ್ಲ.

ರೆಕಾರ್ಡಿಂಗ್ ಟ್ಯಾಬ್ಲೆಟ್ಟಿನಲ್ಲಿ ಉಳಿದಿತ್ತು. ತೆರೆಯ ತುಂಬ ಅವನ ಮುಖ, ಮುಸುಕಿಲ್ಲದ್ದು. ಅಂಥದ್ದು ಸಿಗುವುದೇ ಅಪರೂಪವಂತೆ. ಆದರೆ ಅದರ ಮೂಲೆಯಲ್ಲಿ, ಚಿಕ್ಕ ಚೌಕದಲ್ಲಿ, ನಾನೂ ಇದ್ದೆ. ಕುವೈತಿನ ಅಡುಗೆಮನೆ, ಬೊಟ್ಟು, ಚೂರಿ, ಎಲ್ಲ.

ಮಗಳು ಸುತ್ತುಬಳಸದೆ ಹೇಳಿದಳು. "ನಿಮ್ಮ ಮೂಲೆ ಕತ್ತರಿಸಿದರೆ ಕತ್ತರಿಸಿದ ವಿಡಿಯೊ ಅಂತಾರೆ. ಆಮೇಲೆ ಇಡೀ ಸಂಗತಿಯೇ ಸುಳ್ಳು ಅಂತಾರೆ. ಹಿಂದೆ ಹಾಗೆ ಆಗಿದೆ. ಆದರೆ ಅಕ್ಕ, ಇಡಿಯಾಗಿ ಕೊಡಿ ಅಂತ ನಾನು ಕೇಳುವುದಿಲ್ಲ."

"ಕತ್ತರಿಸಿ ಕೊಡು, ಯಾ ಬಿಂತಿ," ಎಂದರು ಖಾಲಾ. ಮಗಳೇ ಎಂದು. "ನಿನಗೂ ಒಂದು ಮನೆಯಿದೆ."

ಆ ಮನೆಯ ಯಜಮಾನರು ರಿಫೈನರಿಯಿಂದ ಬಂದು ಬೂಟು ಬಿಚ್ಚುವ ಮೊದಲೇ ಶುರುಮಾಡಿದರು. ಅವರು ತುಳುವಿನಲ್ಲಿ ಬೈದದ್ದನ್ನು ಕನ್ನಡಕ್ಕೆ ಇಳಿಸಿದರೆ ಅರ್ಧ ಸಿಟ್ಟು ಸೋರಿಹೋಗುತ್ತದೆ, ಇರಲಿ. "ನಿನಗೆ ಎಂತಕ್ಕೆ ಬೇಕಿತ್ತು ಮಾರಾಯ್ತಿ? ನಾವು ಇಲ್ಲಿರುವುದು ಇಕಾಮಾ ಪರ್ಮಿಟ್ಟಿನ ಮೇಲೆ. ಯಾರಾದರೂ ಒಂದು ಕಂಪ್ಲೇಂಟ್ ಕೊಟ್ರೆ ಪಾಲಿಟಿಕ್ಸ್ ಮಾಡ್ತಾರೆ ಅಂತ ಹೇಳಿ ಪೆಟ್ಟಿಗೆ ಕಟ್ಟಿಸ್ತಾರೆ."

"ಅಲಸಂಡೆ ಹೆಚ್ಚುವುದು ಯಾವ ಪಾಲಿಟಿಕ್ಸ್?"

"ತಮಾಷೆ ಬೇಡ. ಊರಲ್ಲಿ ನಮ್ಮ ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ. ಆ ಹುಡುಗನ ಮನೆಯವರು ಎಂಥ ವಿಡಿಯೊ ಫಾರ್ವರ್ಡ್ ಮಾಡುವವರು ಅಂತ ನಿನಗೂ ಗೊತ್ತುಂಟು. ಟೇಪು ಹಚ್ಚಿ ಕೊಟ್ಟಿದ್ರಲ್ಲ, ಅದನ್ನು ಕಿತ್ತದ್ದು ಎಂತಕ್ಕೆ?"

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಹೆದರಿಕೆ ನನಗೂ ಇತ್ತು, ಈಗಲೂ ಇದೆ. ಆದರೆ ಅವನ ನಗು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು. ಒಬ್ಬ ಹೆಂಗಸನ್ನು ಹೊಡೆಯಲು ಅವಳ ಮನೆಯಲ್ಲೇ ಹೊಂಚುಹಾಕಿ ಕೂತವನು ನನ್ನನ್ನು ತನ್ನ ಕಡೆಯವಳು ಎಂದುಕೊಂಡು ನಕ್ಕಿದ್ದ. ನಮ್ಮ ಕರಾವಳಿಯ ಹೆಸರನ್ನು ಆ ಬಾಯಲ್ಲಿ ಹೇಳಿದ್ದ. ಮೂಲೆ ಕತ್ತರಿಸಿದರೆ ಆ ನಗುವಿಗೆ ನಾನು ಸುಮ್ಮನೆ ಒಪ್ಪಿಕೊಂಡ ಹಾಗಾಗುತ್ತದೆ ಎನಿಸಿತು. ಇಡಿಯಾಗಿ ಕೊಟ್ಟೆ.

ವಿಡಿಯೊ ಎಲ್ಲೆಲ್ಲಿಗೋ ಹೋಯಿತು. ಕೆಲವೇ ದಿನಗಳಲ್ಲಿ ಮೈದುನ ಊರಿನಿಂದ ನನ್ನದೇ ಮುಖದ ಸುತ್ತ ಕೆಂಪು ವೃತ್ತ ಎಳೆದ ಚಿತ್ರ ಕಳಿಸಿ "ಅತ್ತಿಗೆ, ಇದು ನೀವಾ?" ಎಂದು ಕೇಳಿದ. ಹುಡುಗನ ಮನೆಯವರು ಫೋನು ಎತ್ತುವುದನ್ನು ನಿಲ್ಲಿಸಿದರು. ಗುರುತಿಲ್ಲದ ನಂಬರುಗಳಿಂದ ಕರೆ ಬರುತ್ತವೆ. ಎತ್ತಿದರೆ ಯಾರೂ ಮಾತಾಡುವುದಿಲ್ಲ. ಖಾಲಾ ಅವರ ಮಗಳು ಅಲ್ಲಿನ ಇಸ್ರೇಲಿ ಪೊಲೀಸರಿಗೆ ದೂರು ಕೊಟ್ಟಳು. ಅವರು ಅವನ ಬಗ್ಗೆ ಹೆಚ್ಚೇನೂ ಕೇಳಲಿಲ್ಲವಂತೆ. ಆ ಹೆಂಗಸು ಯಾರು, ಅವಳು ಕೂಗಿದ್ದು ಯಾವ ಭಾಷೆ, ಎಂದು ತಿರುಗಿಸಿ ತಿರುಗಿಸಿ ಕೇಳಿದರಂತೆ.

ಈಗ ಅವಳ ಕಿಟಕಿಗೆ ಕಬ್ಬಿಣದ ಕಂಬಿ ಬಂದಿದೆ. ಹೊಸ ಫೋನನ್ನು ಆ ಕಂಬಿಗೇ, ನನಗೆ ಕಾಲುದಾರಿ ಕಾಣುವಂತೆ, ತೆರೆ ಹೊರಗೆ ಮಾಡಿ ಕಟ್ಟಿದ್ದಾಳೆ. ಅದೇ ಕಿಟಕಿಯ ಕೆಳಗೆ, ಹೊರಗಿನವರಿಗೆ ಕಾಣದಂತೆ, ನೆಲದ ಮೇಲೆ ಕೂತು ಕೆಲಸ ಮಾಡುತ್ತಾಳೆ. ನಾನೂ ಡಯಾಲಿಸಿಸ್ಸಿನ ದಿನಗಳಲ್ಲಿ ಟ್ಯಾಬ್ಲೆಟ್ಟನ್ನು ಅಕ್ಕಿ ಡಬ್ಬಕ್ಕೆ ಒರಗಿಸುತ್ತೇನೆ. ಟೇಪು ಹಚ್ಚುವುದಿಲ್ಲ. ಹಚ್ಚಿ ಇನ್ನೇನು ಪ್ರಯೋಜನ? ನನ್ನ ಗಂಡ ಆ ಕಡೆ ನೋಡದೆ ನೀರು ಕುಡಿದು ಹೋಗುತ್ತಾರೆ.

ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಆದ ಸ್ವಲ್ಪ ಹೊತ್ತಿಗೆ ಅವನು ಗುಡ್ಡದಿಂದ ಇಳಿಯುತ್ತಾನೆ. ಒಬ್ಬನೇ ಬರುತ್ತಾನೆ, ಮುಖಕ್ಕೆ ಬಟ್ಟೆ ಕಟ್ಟುವುದನ್ನೂ ಬಿಟ್ಟಿದ್ದಾನೆ. ಮೂಗಿನ ಸಿಪ್ಪೆ ವಾಸಿಯಾಗಿದೆ. ಕಾಲುದಾರಿಯ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಕೂತು, ಮೊದಲು ಫೋನಿನಲ್ಲಿ ನನ್ನನ್ನು ಹುಡುಕಿ, ಎರಡೂ ಕೈ ಜೋಡಿಸಿ ನಮಸ್ತೆ ಮಾಡುತ್ತಾನೆ. ಆಮೇಲೆ ಬಾಗಿಲನ್ನೇ ನೋಡುತ್ತಾ ಕೂರುತ್ತಾನೆ.

ಮಾತಾಡಬೇಡ ಎಂಬ ನಿಯಮ ಈಗ ಇಲ್ಲ. ಹೊರಗಿನವನಿಗೆ ಇಂಗ್ಲಿಷ್ ಬರುತ್ತದೆ, ಅರಬಿಯೂ ಬರುತ್ತಿರಬಹುದು. ಅದಕ್ಕೇ ಮಗಳು ನನ್ನಿಂದ ಎರಡು ತುಳು ಮಾತು ಕಲಿತಿದ್ದಾಳೆ. ಇದ್ದಾನೆ ಎನ್ನಲು ಉಲ್ಲೆ, ಇಲ್ಲ ಎನ್ನಲು ಇಜ್ಜೆ. ಕಿಟಕಿಯ ಕೆಳಗಿನಿಂದ ಆಗಾಗ ಅವಳ ಸಣ್ಣ ಸ್ವರ ಕೇಳುತ್ತದೆ.

"ಅಕ್ಕ, ಉಲ್ಲೆನಾ?"

ಇಜ್ಜೆ ಎನ್ನಲು ಕಾಯುತ್ತಾ ಕತ್ತಲಾಗುವವರೆಗೂ ಕೂರುತ್ತೇನೆ.

"ಉಲ್ಲೆ," ಎನ್ನುತ್ತೇನೆ.